ಕರ್ನಲ್ ತೊದಲಿದ ರಾತ್ರಿ

ಬೂಟ್‌ಲೋಡರ್ ಯು-ಬೂಟ್ ಚೊಕ್ಕವಾಗಿ ಮಾತಾಡುತ್ತಿತ್ತು. ರ್‍ಯಾಮ್ ಎಷ್ಟು, ಎಸ್‌ಡಿ ಕಾರ್ಡ್ ಸಿಕ್ಕಿತೋ ಇಲ್ಲವೋ, ಎಲ್ಲ ಸಾಲುಸಾಲಾಗಿ. 'ಸ್ಟಾರ್ಟಿಂಗ್ ಕರ್ನಲ್' ಅಂದಿತು, ಅಷ್ಟೇ! ಮರುಕ್ಷಣ ಟರ್ಮಿನಲ್ ತುಂಬ ಚೌಕ, ಪ್ರಶ್ನೆಚಿಹ್ನೆ, ಗಂಟಲು ಹಿಚುಕಿಸಿಕೊಂಡವನ ಗೊರಗೊರದಂಥ ಕಸ. ಆಮೇಲೆ ಸದ್ದಿಲ್ಲ. ಯಂತ್ರದ ಚಿಪ್ಪಿನ ವಾಚ್‌ಡಾಗ್‌ಗೆ ತಾಳ್ಮೆ ಹೆಚ್ಚೆಂದರೆ 128 ಸೆಕೆಂಡ್. ಅದು ಮುಗಿಯಿತು, ಯಂತ್ರ ಸತ್ತು ಹುಟ್ಟಿತು, ಮತ್ತೆ ಅದೇ ಕಸ.

ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದದ್ದು ಐ.ಎಂಎಕ್ಸ್6 ಸೋಲೋಲೈಟ್ ಚಿಪ್ಪಿನ ಹಳೆಯ ಇ-ರೀಡರ್, ಒಳಗೆ 3.0.35 ಕರ್ನಲ್. ಪರದೆಯನ್ನು ಕೇಳಿ ಪ್ರಯೋಜನವಿಲ್ಲ. ಕರೆಂಟ್ ಹೋದರೂ ಇ-ಇಂಕ್ ಕೊನೆಯ ಚಿತ್ರ ಬಿಡುವುದಿಲ್ಲ. ಒಳಗೆ ಪ್ರಾಣ ಹೋಗುತ್ತಿದ್ದರೂ ಮೇಲೆ ಯಾವುದೋ ಪುಸ್ತಕದ ಮುಖಪುಟ ಆರಾಮಾಗಿ ಕೂತಿತ್ತು. ಉಳಿದ ದಾರಿ ಒಂದೇ: ಬೋರ್ಡಿನ ಅಂಚಿನ ಮೂರು ಪುಟಾಣಿ ಸೀರಿಯಲ್ ಪ್ಯಾಡ್, ಅವಕ್ಕೆ ಬೆಸೆದ ಸಪೂರ ವೈರು.

"ಗ್ರೌಂಡ್ ಬಿಟ್ಟಿದೆಯೇನೋ ನೋಡೋ," ಅಂದ ಗೆಳೆಯ.

ಬಿಟ್ಟಿರಲಿಲ್ಲ. ಬೋರ್ಡ್ 1.8 ವೋಲ್ಟ್, ಸೀರಿಯಲ್ ಅಡಾಪ್ಟರ್ 3.3 ವೋಲ್ಟ್ ಆದರೂ ಹೀಗಾಗುವುದುಂಟು. ಮಲ್ಟಿಮೀಟರ್ ಇಟ್ಟೆ, ಎರಡೂ ಹೊಂದಿದ್ದವು. ಅಲ್ಲದೆ ವೈರಿನದೇ ತಪ್ಪಾಗಿದ್ದರೆ ಯು-ಬೂಟ್ ಕೂಡ ತೊದಲಬೇಕಿತ್ತಲ್ಲ?

ಹಾಗಾದರೆ ಕೆಟ್ಟಿದ್ದು ಲಾಗೋ, ಅದು ಹೊರಬರುವ ದಾರಿಯೋ? ಕರ್ನಲ್ ಏನೇ ಹೇಳಲಿ, ಮೊದಲು ರ್‍ಯಾಮ್‌ನೊಳಗಿನ ಬಫರಿಗೆ ಬರೆದುಕೊಂಡು ಆಮೇಲೆ ಸೀರಿಯಲ್‌ಗೆ ಕಳಿಸುತ್ತದೆ. ವಾಚ್‌ಡಾಗ್ ರೀಸೆಟ್ ಮಾಡಿದರೂ ರ್‍ಯಾಮ್‌ಗೆ ಕರೆಂಟ್ ಕಡಿಯುವುದಿಲ್ಲ. ಅಂದರೆ ಸತ್ತ ಕರ್ನಲ್ಲಿನ ಮಾತು ಇನ್ನೂ ಅಲ್ಲೇ ಇದೆ! ಆದರೆ ಬ್ಯಾಟರಿ ಇಳಿಯುತ್ತಿತ್ತು. ಅದು ಕೈಕೊಟ್ಟರೆ ಎಲ್ಲ ಮಾಯ.

ರೀಸೆಟ್ ಆದದ್ದೇ ತಡ, ಕೀಲಿ ಒತ್ತಿ ಯು-ಬೂಟನ್ನು ತಡೆದೆ. ಸಿಸ್ಟಮ್ ಮ್ಯಾಪ್ ತೆರೆದು ಲಾಗ್ ಬಫರಿನ ವಿಳಾಸ ಹುಡುಕಿದೆ. ಸಿ0ಯಿಂದ ಶುರುವಾಗುವ ವಿಳಾಸ; ಈ ಚಿಪ್ಪಿನಲ್ಲಿ ರ್‍ಯಾಮ್ 80ರಿಂದ ಶುರು, ಹಾಗಾಗಿ ಸಿ0 ತೆಗೆದು 80 ಹಾಕಿ ಮೆಮೊರಿ ಡಂಪ್ ಕೊಟ್ಟೆ. ಬಲಗಡೆ ಅಕ್ಷರಗಳು ಉರುಳತೊಡಗಿದವು. ಓದಬಲ್ಲ ಅಕ್ಷರಗಳು! ಅಲ್ಲೊಂದು ಇಲ್ಲೊಂದು ಹುಳುಕು, ನಿಜ: 'ಕ್ಯಾಲಿಬ್ರೇಟಿಂಗ್' ಪದದ ಮೊದಲ 'ಎ' ಹೋಗಿ 'ಕ್ಯೂ' ಬಂದಿತ್ತು. 61 ಇರಬೇಕಾದಲ್ಲಿ 71, ಒಂದೇ ಒಂದು ಬಿಟ್ ಮಗುಚಿದ್ದು. ರೀಸೆಟ್ ಹೊತ್ತಿನಲ್ಲಿ ರಿಫ್ರೆಶ್ ನಿಂತರೆ ರ್‍ಯಾಮ್ ಇಷ್ಟು ಮರೆಯುವುದು ಸಹಜ. ಉಳಿದದ್ದೆಲ್ಲ ಗಟ್ಟಿ. ಕೊನೆಯ ಸಾಲುಗಳಿಗೆ ಇನ್ನೇನು ಬಂದೆವು ಅನ್ನುವಷ್ಟರಲ್ಲಿ ಬ್ಯಾಟರಿ ಸತ್ತಿತು.

ಬೈಯಲಿಕ್ಕೂ ಪುರಸೊತ್ತಿಲ್ಲ. ಚಾರ್ಜರ್ ಚುಚ್ಚಿ, ಜೀವ ಬಂದ ಕೂಡಲೇ ಲಾಜಿಕ್ ಅನಲೈಸರ್ ಸಿಕ್ಕಿಸಿದೆವು. 115200 ಬಾಡ್ ವೇಗದಲ್ಲಿ ಒಂದು ಬಿಟ್ 8.68 ಮೈಕ್ರೋಸೆಕೆಂಡ್ ಇರಬೇಕು. ಯು-ಬೂಟ್ ಅಷ್ಟೇ ತೋರಿಸಿತು. ಕರ್ನಲ್ ಬಂತು: 28.9!

"ಮೂರು ಚಿಲ್ಲರೆ ಪಟ್ಟು," ಅಂದವನೇ ಗೆಳೆಯ ಪೆನ್ಸಿಲ್ ಎತ್ತಿಕೊಂಡ. 80ನ್ನು 24ರಿಂದ ಭಾಗಿಸಿದರೆ 3.33. ಸಿಕ್ಕಿಬಿದ್ದ ಕಳ್ಳ! ಸೀರಿಯಲ್ ಘಟಕಕ್ಕೆ ಈ ಚಿಪ್ಪಿನಲ್ಲಿ ಎರಡು ಗಡಿಯಾರ. ಒಂದು, 480 ಮೆಗಾಹರ್ಟ್ಸ್ ಪಿಎಲ್‌ಎಲ್‌ ಅನ್ನು ಆರರಿಂದ ಭಾಗಿಸಿದ 80. ಇನ್ನೊಂದು, ಹರಳಿನ ನೇರ 24. ಪುಟ ತಿರುಗಿಸುವಾಗಷ್ಟೇ ಎಚ್ಚರವಾಗುವ ಯಂತ್ರದಲ್ಲಿ ಆ ಪಿಎಲ್‌ಎಲ್ ನಿಲ್ಲಿಸಿದರೆ ಬ್ಯಾಟರಿ ಉಳಿಯುತ್ತದೆ, ಹಾಗಾಗಿ ಸ್ವಿಚ್ಚನ್ನು 24ಕ್ಕೆ ತಿರುಗಿಸಿದ್ದರು. ಲೆಕ್ಕದ ಪಟ್ಟಿಯಲ್ಲಿ ಮಾತ್ರ 80 ಹಾಗೇ ಉಳಿದಿತ್ತು. 80 ಎಂದು ನಂಬಿ ಭಾಗಿಸಿದ ಕರ್ನಲ್ 24ರಲ್ಲಿ ಓಡುತ್ತಿದೆ. 115200ರ ಹತ್ತರಲ್ಲಿ ಮೂರು ಪಾಲು ಎಷ್ಟು? 34560.

ಯಾವ ಮೆನುವಿನಲ್ಲೂ ಇಲ್ಲದ ವೇಗ! ಕೈಯಾರೆ ಟೈಪಿಸಿದೆ, ಪುಣ್ಯಕ್ಕೆ ಅಡಾಪ್ಟರ್ ಒಪ್ಪಿತು. ಕಸ ಕರಗಿ ಸಾಲುಗಳು ಸುರಿದವು, ತುದಿಯಲ್ಲಿ ಪ್ಯಾನಿಕ್: ರೂಟ್ ಫೈಲ್‌ಸಿಸ್ಟಮ್ ಮೌಂಟ್ ಆಗುತ್ತಿಲ್ಲ, ಪಾರ್ಟಿಶನ್ ಸಂಖ್ಯೆ ತಪ್ಪು. 115200ಕ್ಕೆ ಮರಳಿ ಯು-ಬೂಟ್‌ನಲ್ಲಿ ಅದನ್ನು ತಿದ್ದಿ, ಬೂಟ್ ಕೊಟ್ಟು, ಮತ್ತೆ 34560ಕ್ಕೆ ಹಾರಿದೆ. ಲಾಗಿನ್ ಬಂತು. ಗಡಿಯಾರದ ಪಟ್ಟಿ ಮುಂದಿನ ಬಿಲ್ಡಿಗೆ ಇರಲಿ ಎಂದು ಬಿಟ್ಟೆವು. ಅಲ್ಲಿಯವರೆಗೆ ತೊದಲುವ ಸರದಿ ಯು-ಬೂಟ್‌ನದು.