ಫೋರ್ಟಿನ ತಾರಸಿಯಲ್ಲಿ 1420 ಮೆಗಾಹರ್ಟ್ಜ್

ಮುಂಬೈ ಫೋರ್ಟಿನ ಬೋರಾ ಬಜಾರಿನ ಈ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಮರದ ಮೆಟ್ಟಿಲು ಹತ್ತಿ ತಾರಸಿಗೆ ಬರುವಷ್ಟರಲ್ಲಿ ನಿಮ್ಮ ಅಂಗಿ ಬೆನ್ನಿಗಂಟಿದೆ. ಅಕ್ಟೋಬರಿನ ರಾತ್ರಿ ಎಂಟು ಗಂಟೆ. ಒಂದು ಕಡೆ ಸಿಎಸ್‌ಎಂಟಿ ರೈಲು ನಿಲ್ದಾಣದ ಗುಮ್ಮಟ, ಎದುರು ಕಟ್ಟಡದ ನೆತ್ತಿಯ ಮೇಲೆ ಮೊಬೈಲ್ ಆಂಟೆನಾಗಳ ಸಾಲು, ಕೆಳಗೆ ಕೈಗಾಡಿಯವರ ಕೂಗು. ನೀರಿನ ಟ್ಯಾಂಕಿನ ಪಕ್ಕ ಸ್ಟೂಲಿನ ಮೇಲೆ ಒಂದು ತಗಡಿನ ಡಬ್ಬ, ಅದರ ಬಾಯಿಗೆ ಅಗಲವಾಗಿ ತೆರೆದ ಅಲ್ಯೂಮಿನಿಯಂ ಕೊಂಬು.

‘ಡಬ್ಬ ಮುಟ್ಬೇಡಿ ಮಾರಾಯ್ರೆ, ಜಾಯಿಂಟು ಈಗಷ್ಟೇ ಸರಿಯಾದದ್ದು’ ಅನ್ನುತ್ತಾನೆ ಗೆಳೆಯ. ಕುಂದಾಪುರದ ಕಡೆಯವ, ಹಗಲು ಇಲ್ಲೇ ಫೋರ್ಟಿನ ಆಫೀಸೊಂದರಲ್ಲಿ ಲೆಕ್ಕ ಬರೆಯುತ್ತಾನೆ.

ಇದೇ ದೂರದರ್ಶಕ. ಡಬ್ಬದ ವ್ಯಾಸ ಸುಮಾರು 15 ಸೆಂಟಿಮೀಟರ್, ಒಳಗೆ ಐದು ಸೆಂಟಿಮೀಟರಿನಷ್ಟು ಉದ್ದದ ತಾಮ್ರದ ಕಡ್ಡಿ. ಜಲಜನಕದ ಪರಮಾಣು ತಾನಾಗಿ ಹೊರಡಿಸುವ ರೇಡಿಯೊ ಅಲೆಯ ಉದ್ದ 21 ಸೆಂಟಿಮೀಟರ್. ಕಡ್ಡಿ ಅದರ ಕಾಲು ಭಾಗ. ಕಡ್ಡಿಗೆ ತಾಗಿದಂತೆ ಆಂಪ್ಲಿಫೈಯರ್, ಅಲ್ಲಿಂದ ಕೇಬಲ್, ಕೊನೆಗೆ ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಟಿವಿ ಡಾಂಗಲ್. ಕೊಂಬಿನ ಮುಖ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ, ರಾಜಹಂಸ ನಕ್ಷತ್ರಪುಂಜದ ಕಡೆಗೆ. ಹಾಲುಹಾದಿ ಅಲ್ಲೇ ಹಾದುಹೋಗುತ್ತದೆ. ಫೋರ್ಟಿನ ಬೆಳಕಿನಲ್ಲಿ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಪರದೆಯ ಮೇಲೆ ಹಳದಿ ಗೆರೆ ನಡುಗುತ್ತಿದೆ. ನಟ್ಟನಡುವೆ ಚೂಪಾದ ಸೂಜಿಯೊಂದು ಎದ್ದಿದೆ. 1420.4 ಮೆಗಾಹರ್ಟ್ಜ್, ಸರಿಯಾಗಿ ಜಲಜನಕದ ಜಾಗ! ನೀವು ಬೆರಳು ತೋರಿಸುತ್ತೀರಿ. ಅವನು ಮಾತಾಡದೆ ಟ್ಯೂನಿಂಗನ್ನು ಅರ್ಧ ಮೆಗಾಹರ್ಟ್ಜ್ ಸರಿಸುತ್ತಾನೆ. ಸೂಜಿಯೂ ಸರಿಯುತ್ತದೆ, ಮತ್ತೆ ನಟ್ಟನಡುವೆಯೇ. ಆಕಾಶದ್ದಾಗಿದ್ದರೆ ತನ್ನ ಜಾಗದಲ್ಲೇ ನಿಲ್ಲುತ್ತಿತ್ತು. ಇದು ಡಾಂಗಲ್ ತನ್ನೊಳಗೇ ಹುಟ್ಟಿಸಿಕೊಂಡದ್ದು; ಈ ಅಗ್ಗದ ಡಾಂಗಲ್‌ಗಳ ಸಹಜ ಗುಣ. ಅದಕ್ಕೇ ಜಲಜನಕವನ್ನು ನಡುವೆ ಇಟ್ಟುಕೊಳ್ಳದೆ ಬದಿಗೆ ಇಟ್ಟುಕೊಂಡು ನೋಡಬೇಕು.

ಇನ್ನು ಎರಡನೆಯ ಪರೀಕ್ಷೆ. ಕೊಂಬನ್ನು ತಾರಸಿಯ ನೆಲಕ್ಕೆ ಬಗ್ಗಿಸುತ್ತಾನೆ. ಕಾದ ನೆಲ ಸುಮಾರು 300 ಕೆಲ್ವಿನ್. ಆಕಾಶ ಈ ಆವರ್ತನದಲ್ಲಿ ಹತ್ತು ಕೆಲ್ವಿನ್ ಆಸುಪಾಸು. ನೆಲ ನೋಡಿದಾಗ ಗೆರೆ ಏರಬೇಕು, ಆಕಾಶ ನೋಡಿದಾಗ ಇಳಿಯಬೇಕು, ನಡುವೆ ನಾಲ್ಕೈದು ಡೆಸಿಬೆಲ್ ಅಂತರ ಇರಬೇಕು. ರಿಸೀವರ್ ಆರೋಗ್ಯವಾಗಿದೆಯೇ ಎಂದು ತಿಳಿಯಲು ಇದಕ್ಕಿಂತ ನಂಬಿಕಸ್ಥ ಪರೀಕ್ಷೆ ನನಗೆ ಗೊತ್ತಿಲ್ಲ. ಒಂದು ಪೈಸೆ ಖರ್ಚೂ ಇಲ್ಲ. ಈಗ ಬರುತ್ತಿರುವ ಅಂತರ ಬರೀ ಒಂದು.

ಅವನು ಒಂದೊಂದಾಗಿ ಕಳಚುತ್ತಾನೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಬಿಟ್ಟಾಗ ಹಲ್ಲುಹಲ್ಲಾಗಿ ನಿಂತಿದ್ದ ಗೆರೆಗಳು ಮಾಯ. ಆದರೆ ಅಂತರ ಹೆಚ್ಚಲಿಲ್ಲ. ಡಬ್ಬದ ಕನೆಕ್ಟರ್ ಬಿಚ್ಚಿ ಟಾರ್ಚ್ ಹಿಡಿಯಿರಿ ಅನ್ನುತ್ತಾನೆ. ತಾಮ್ರದ ಮೇಲೆ ಹಸಿರು ಕಿಲುಬು. ಬಂದರು ಇಲ್ಲಿಂದ ಕೂಗಳತೆ. ಉಪ್ಪುಗಾಳಿಯ ಜೊತೆ ಒಂದು ಮಳೆಗಾಲ ಕಳೆದರೆ ಸಾಕು. ಆಂಪ್ಲಿಫೈಯರಿಗೆ ಮೊದಲು ಒಂದು ಡೆಸಿಬೆಲ್ ನಷ್ಟವಾದರೂ ಸುಮಾರು 75 ಕೆಲ್ವಿನ್ ಗದ್ದಲ ಸೇರಿಕೊಳ್ಳುತ್ತದೆ, ಆಕಾಶದ ಒಟ್ಟು ಬಿಸಿಗಿಂತ ಎಷ್ಟೋ ಪಾಲು ಹೆಚ್ಚು. ಕಿಲುಬು ಹಿಡಿದ ಕನೆಕ್ಟರ್ ತೆಗೆದು, ಲ್ಯಾಮಿಂಗ್ಟನ್ ರೋಡಿನಿಂದ ತಂದ ಹೊಸ ಕನೆಕ್ಟರ್ ಹಾಕಿ, ಮೇಲೆ ಟೇಪು ಬಿಗಿದದ್ದಾಯಿತು. ಅಂತರ ಮೂರು.

ಕೊಂಬನ್ನು ಸುತ್ತ ತಿರುಗಿಸಿ ನೋಡುತ್ತೀರಿ. ಎದುರು ಕಟ್ಟಡದ ಕಡೆ ಬಂದಾಗ ಇಡೀ ಗೆರೆ ಮೇಲಕ್ಕೆ ಹಾರುತ್ತದೆ, ಎಲ್ಲಿಂದಲೋ ಹೊಸ ಸೂಜಿಗಳು ಏಳುತ್ತವೆ. ‘ಈ ಊರಲ್ಲಿ ಇಷ್ಟೇ’ ಎಂದು ನೀವು ಊರನ್ನು ಬೈಯುತ್ತೀರಿ. ಬೈಗುಳ ತಪ್ಪು ವಿಳಾಸಕ್ಕೆ ಹೋಯಿತು. 1400ರಿಂದ 1427 ಮೆಗಾಹರ್ಟ್ಜ್‌ವರೆಗೆ ಯಾರೂ ಏನನ್ನೂ ಪ್ರಸಾರ ಮಾಡಕೂಡದೆಂದು ಅಂತರರಾಷ್ಟ್ರೀಯ ರೇಡಿಯೊ ನಿಯಮವೇ ಇದೆ. ಆ ಮೊಬೈಲ್ ಆಂಟೆನಾಗಳು 900ರಲ್ಲೋ 1800ರಲ್ಲೋ ತಮ್ಮ ಪಾಡಿಗೆ ತಾವು ಮಾತಾಡುತ್ತಿವೆ. ಅಷ್ಟು ಜೋರು ದನಿಯನ್ನು ತಾಳಲಾರದೆ ನಮ್ಮ ಆಂಪ್ಲಿಫೈಯರೇ ಒಂದಕ್ಕೊಂದು ಕಲಸಿ, ಇಲ್ಲದ ಸಂಕೇತಗಳನ್ನು ಈ ಮೌನದ ಪಟ್ಟಿಯಲ್ಲಿ ತಯಾರಿಸುತ್ತಿದೆ. ಮದ್ದು: ಆಂಪ್ಲಿಫೈಯರಿನ ಮುಂದೆಯೇ ಫಿಲ್ಟರ್. ಹಳ್ಳಿಯಲ್ಲಾದರೆ ಅದನ್ನು ಹಿಂದೆ ಹಾಕಿ, ಫಿಲ್ಟರಿನ ನಷ್ಟ ತರುವ ಗದ್ದಲವನ್ನು ತಪ್ಪಿಸಿಕೊಳ್ಳಬಹುದು. ಫೋರ್ಟಿನಲ್ಲಿ ಆ ದಂಡ ಕಟ್ಟಲೇಬೇಕು. ಕಟ್ಟಿದ ಮೇಲೆ ಅಂತರ ನಾಲ್ಕರ ಹತ್ತಿರ, ಸೂಜಿಗಳಿಲ್ಲ.

ಈಗ ಸುಮ್ಮನೆ ಕೂರುವ ಕೆಲಸ. ಕಂಪ್ಯೂಟರು ಸಾವಿರಾರು ರೋಹಿತಗಳ ಸರಾಸರಿ ತೆಗೆಯುತ್ತಿದೆ. ಹಾಲುಹಾದಿಯಿಂದ ದೂರದ ಆಕಾಶದ ಅಳತೆಯನ್ನು ಅದರಿಂದ ಕಳೆಯುತ್ತಿದೆ. ಗೆಳೆಯ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಹಳೆಯ ಕಥೆ ತೆಗೆಯುತ್ತಾನೆ. 1951ರ ಮಾರ್ಚಿನಲ್ಲಿ ಹಾರ್ವರ್ಡಿನ ಯೂವೆನ್ ಮತ್ತು ಪರ್ಸೆಲ್ ಇದೇ ಸಂಕೇತವನ್ನು ಮೊದಲ ಸಲ ಹಿಡಿದದ್ದೂ ಕಿಟಕಿಯಾಚೆ ಚಾಚಿದ ಪ್ಲೈವುಡ್ಡಿನ ಕೊಂಬಿನಿಂದ. ಮಳೆ ಬಂದರೆ ನೀರು ಕೊಂಬಿನಿಂದ ಇಳಿದು ಲ್ಯಾಬಿಗೇ ನುಗ್ಗುತ್ತಿತ್ತಂತೆ. ನಮ್ಮಲ್ಲಿ, ಈ ಸ್ಟೇಷನ್ನಿನಿಂದ ಲೋಕಲ್ ಹಿಡಿದರೆ ಸಿಗುವ ಕಲ್ಯಾಣದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಗೋವಿಂದ ಸ್ವರೂಪ್ ತಂಡ 1965ರಲ್ಲಿ ಆಸ್ಟ್ರೇಲಿಯಾ ಕೊಟ್ಟ 32 ಪುಟ್ಟ ಡಿಶ್‌ಗಳನ್ನು ನಿಲ್ಲಿಸಿ ಸೂರ್ಯನನ್ನು ಗಮನಿಸಿತು.

ಗೆರೆಯ ಮೇಲೆ ಉಬ್ಬೊಂದು ಏಳುತ್ತಿದೆ. ಸೂಜಿಯಲ್ಲ, ಅಗಲವಾದ ದಿಬ್ಬ, ಬಲಕ್ಕೆ ಬಾಲ. ಅವನು ಟ್ಯೂನಿಂಗ್ ಸರಿಸುತ್ತಾನೆ, ದಿಬ್ಬ ಕದಲುವುದಿಲ್ಲ. ಕೊಂಬಿಗೆ ತಟ್ಟೆ ಮುಚ್ಚುತ್ತಾನೆ. ಹೊಸ ಸರಾಸರಿಯಲ್ಲಿ ದಿಬ್ಬ ಇಲ್ಲ. ಪ್ರತಿ 4.7 ಕಿಲೋಹರ್ಟ್ಜ್ ಸರಿತಕ್ಕೆ ಸೆಕೆಂಡಿಗೆ ಒಂದು ಕಿಲೋಮೀಟರ್ ವೇಗ. ಬಲಗಡೆಯ ಬಾಲವೆಂದರೆ ನಮ್ಮತ್ತ ಬರುತ್ತಿರುವ ಜಲಜನಕದ ಮೋಡಗಳು. ಹಾಲುಹಾದಿ ತಿರುಗುವುದು ಬೋರಾ ಬಜಾರಿನಲ್ಲಿ ಕಂಡಿತು.

ಇದೇ ಜಲಜನಕದ ಅತಿ ಹಳೆಯ ಸಂಕೇತ, ವಿಶ್ವ ಹಿಗ್ಗಿದಂತೆ ಹದಿನೆಂಟು ಪಟ್ಟು ಹಿಗ್ಗಿ 78 ಮೆಗಾಹರ್ಟ್ಜ್‌ಗೆ ಇಳಿದಿದೆಯೆಂದು 2018ರಲ್ಲಿ ಎಡ್ಜಸ್ ಎಂಬ ರೇಡಿಯೊ ಪ್ರಯೋಗದ ತಂಡ ಹೇಳಿತು. ಅಲ್ಲಿ 1420ರಲ್ಲಿರುವಂಥ ರಕ್ಷಣೆಯಿಲ್ಲ, ಪಕ್ಕದಲ್ಲೇ ಎಫ್‌ಎಂ. ಎಡ್ಜಸ್ ಮಾತನ್ನು ಪರೀಕ್ಷಿಸಲು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2020ರಲ್ಲಿ ಸರಸ್-3 ರಿಸೀವರನ್ನು ಶರಾವತಿ ಹಿನ್ನೀರಿನ ಮೇಲೆ ತೇಲಿಬಿಟ್ಟರು. ನೆಲದಡಿಯ ಮಣ್ಣುಕಲ್ಲಿನ ಪದರಗಳು ಮೂಡಿಸುವ ಸುಳ್ಳು ಏರಿಳಿತ ನೀರಿನ ಮೇಲೆ ಇರುವುದಿಲ್ಲ. ಎಡ್ಜಸ್ ಹೇಳಿದ ಸಂಕೇತ ಅವರ ದತ್ತಾಂಶದಲ್ಲಿ ಇರಲಿಲ್ಲ, ಶೇ 95.3 ವಿಶ್ವಾಸದೊಂದಿಗೆ ಅದನ್ನು ತಳ್ಳಿಹಾಕಿದ ಪ್ರಬಂಧ 2022ರ ಫೆಬ್ರವರಿಯಲ್ಲಿ ‘ನೇಚರ್ ಆಸ್ಟ್ರಾನಮಿ’ಯಲ್ಲಿ ಬಂತು. ಹಾಲುಹಾದಿಯ ಜಲಜನಕ ಸಾಕೆನ್ನುವವರಿಗೆ ಫೋರ್ಟಿನ ತಾರಸಿ, ಒಂದು ಡಬ್ಬ, ಒಂದು ಫಿಲ್ಟರ್ ಸಾಕು. ಅದಕ್ಕಿಂತ ಹಳೆಯದು ಬೇಕಾದವರು ಶರಾವತಿಯಂಥ ಜಾಗಕ್ಕೇ ಹೋಗಬೇಕು.