ಪೆಟ್ಟಿಗೆ ಮಾಸ್ತರರು

ನಾಟಕ ಕಂಪನಿಗಳ ಹಳೆಯ ಕರಪತ್ರಗಳಿಗೆ ಅವುಗಳದೇ ಆದ ಒಂದು ವ್ಯಾಕರಣವುಂಟು. ಮೇಲೆ ದೇವರು, ದೇವರ ಕೆಳಗೆ ಮಾಲೀಕರು, ಅವರ ಕೆಳಗೆ ದಪ್ಪಕ್ಷರದಲ್ಲಿ ನಾಯಕಿ, ಆಮೇಲೆ ಹಾಸ್ಯಗಾರ, ಕಟ್ಟಕಡೆಗೆ ನೆಲ ಮತ್ತು ಕುರ್ಚಿಗಳ ದರ. ಕುರ್ಚಿಗೆ ಸಿಕ್ಕಿದ ಈ ಮರ್ಯಾದೆ ಪೆಟ್ಟಿಗೆ ಮಾಸ್ತರರಿಗೆ ಸಿಕ್ಕಿದ್ದು ಅಪರೂಪ. ಪೆಟ್ಟಿಗೆಯೆಂದರೆ ಹಾರ್ಮೋನಿಯಂ ಎಂದು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಸೋದರಮಾವ ಅಂಥ ಒಬ್ಬ ಮಾಸ್ತರರು. ಒಂದು ಕಂಪನಿಗಲ್ಲ, ಮೂವತ್ತು ವರ್ಷಗಳಲ್ಲಿ ಹನ್ನೊಂದು ಕಂಪನಿಗಳಿಗೆ. ಒಂದು ಮುಳುಗಿದಾಗ, ಇನ್ನೊಂದು ಕರೆಯುವ ತನಕ, ಅಕ್ಕನ ಮನೆಯೆಂದು ತೋರಣಗಲ್ಲಿಗೆ ಬರುತ್ತಿದ್ದರು. ಈಗ ಊರಿನ ಹೆಸರೆತ್ತಿದರೆ ಉಕ್ಕಿನ ಕಾರ್ಖಾನೆಯ ಮಾತು ಬರುತ್ತದೆ. ಆಗ ಅದು ಹೊಸಪೇಟೆ–ಬಳ್ಳಾರಿ ರೈಲುದಾರಿಯಲ್ಲಿ ಸಂಡೂರಿನ ಕಡೆಗೆ ಕವಲೊಡೆಯುವ ನಿಲ್ದಾಣ, ಅಷ್ಟೆ. ಇಳಿದವರಲ್ಲಿ ಹೆಚ್ಚಿನವರು ಇನ್ನೆಲ್ಲಿಗೋ ಹೋಗತಕ್ಕವರು. ಮಾವನೂ ಹಾಗೆಯೇ. “ನಿಂತಲ್ಲಿ ನಿಲ್ಲದ ಮನುಷ್ಯ” ಎಂದು ಮನೆಯಲ್ಲಿ ಅವರಿಗೆ ಬಿರುದು.

ಆ ಬಿರುದನ್ನು ನಾನು ಒಪ್ಪುವುದಿಲ್ಲ. ನಿಲ್ಲದಿದ್ದದ್ದು ಕಂಪನಿಗಳು. ಮಳೆ ಹೆಚ್ಚಾದರೆ ಡೇರೆ ತೊಯ್ದು ಕಂಪನಿ ನಿಂತಿತು. ಮಳೆ ಬಾರದಿದ್ದರೆ ರೈತರ ಕೈಯಲ್ಲಿ ದುಡ್ಡಿಲ್ಲದೆ ನಿಂತಿತು. ಆ ಹನ್ನೊಂದರ ಹೆಸರುಗಳನ್ನು ಇಲ್ಲಿ ಬರೆಯಲಾರೆ. ಬರೆದರೆ ಬಾಕಿ ಉಳಿದ ಸಂಬಳದ ಲೆಕ್ಕವನ್ನೂ ಬರೆಯಬೇಕಾದೀತು.

ವಾದ್ಯವಾದರೂ ಎಂಥದು? ಪ್ಯಾರಿಸ್ಸಿನ ದೆಬೈನ್ 1842ರಲ್ಲಿ ಹಕ್ಕುಪತ್ರ ಪಡೆದದ್ದು. ಹಿಂದೂಸ್ಥಾನಕ್ಕೆ ಬಂದು ನೆಲದ ಮೇಲೆ ಕುಳಿತದ್ದು. ಮೀಂಡು ಬಾರದು, ಗಮಕ ಒಲಿಯದು ಎಂದು 1940ರಲ್ಲಿ ರೇಡಿಯೋದವರು ಅದನ್ನು ಹೊರಗೆ ಹಾಕಿದರು. ಆ ಕಟ್ಟು ಸಡಿಲಾದದ್ದು 1971ರಲ್ಲಿ. ಆದರೆ ಡೇರೆಯಲ್ಲಿ ಅದಿಲ್ಲದೆ ಪರದೆ ಏಳುತ್ತಿರಲಿಲ್ಲ. ಕಾಲುಪೆಟ್ಟಿಗೆಯಾದರೆ ಗಾಳಿಯ ಕೆಲಸ ಕಾಲಿಗೆ, ಎರಡು ಕೈಯೂ ಸ್ವರಕ್ಕೆ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕಡೆಯ ಸಾಲಿನವರೆಗೆ ಶ್ರುತಿ ಮುಟ್ಟಿಸಬೇಕು. ನಟ ಪದ ಮರೆತರೆ ಮುಂದಿನ ಸಾಲಿನ ಸ್ವರವನ್ನು ಮೊದಲೇ ನುಡಿಸಿ ನೆನಪಿಸಬೇಕು. ನಮ್ಮ ಬಳ್ಳಾರಿ ಸೀಮೆಯಲ್ಲಂತೂ ತೆಲುಗು ಪದ್ಯನಾಟಕದ ಉದ್ದುದ್ದ ರಾಗಾಲಾಪನೆಗೂ ಜೊತೆ ಹೋಗಬೇಕು, ಮರುದಿನ ಮರಾಠಿ ಮಟ್ಟಿನ ಕನ್ನಡ ರಂಗಗೀತೆಗೂ ಒದಗಬೇಕು. ಈಗಿನ ಹುಡುಗರ ವಾದ್ಯವೃಂದದಲ್ಲಿ ಬೇಸ್ ಗಿಟಾರಿನವನ ಸ್ಥಿತಿಯೂ ಹೀಗೆಯೇ ಎಂದು ನನ್ನ ವಿದ್ಯಾರ್ಥಿಯೊಬ್ಬ ಹೇಳಿದ: ನುಡಿಸುವಾಗ ಯಾರೂ ಗಮನಿಸರು, ನಿಲ್ಲಿಸಿದರೆ ಎಲ್ಲರೂ ತಿರುಗಿ ನೋಡುತ್ತಾರೆ.

ಪೆಟ್ಟಿಗೆಯವರಲ್ಲಿ ಹೆಸರು ಮಾಡಿದವರಿಲ್ಲವೆಂದಲ್ಲ. ಮರಾಠಿಯ ಗೋವಿಂದರಾವ್ ಟೆಂಬೆಯವರು 1911ರಲ್ಲಿ ಕಿರ್ಲೋಸ್ಕರ್ ಮಂಡಳಿಯ ‘ಮಾನಾಪಮಾನ’ಕ್ಕೆ ಸಂಗೀತ ಕೊಟ್ಟರು, 1913ರಲ್ಲಿ ಬಾಲಗಂಧರ್ವರೊಡನೆ ಸೇರಿ ಗಂಧರ್ವ ಮಂಡಳಿ ಕಟ್ಟಿದರು, ಅದನ್ನೂ ಬಿಟ್ಟು ಸ್ವಂತ ಕಂಪನಿ ತೆಗೆದರು, 1932ರಲ್ಲಿ ಸಿನಿಮಾದ ಹರಿಶ್ಚಂದ್ರನೂ ಆದರು. ಮಾವನಿಗೆ ಈ ಕತೆ ಬಹಳ ಇಷ್ಟ. ಆದರೆ ಆಸೆ ಇರಲಿಲ್ಲ. ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ಯ ದ್ರೌಪದಿಯೆಂದರೆ ನಮ್ಮ ಜನಕ್ಕೆ ಸುಭದ್ರಮ್ಮ ಮನ್ಸೂರರೇ (1939–2020) ಕಣ್ಣಮುಂದೆ ನಿಲ್ಲುತ್ತಾರೆ. ಕೆಳಗೆ ಕುಳಿತು ಕಾಲು ತುಳಿದವರು ಯಾರೆಂದು ಕೇಳಿದರೆ ಹೇಳುವವರಿಲ್ಲ.

ಒಂದು ಕಂಪನಿಯನ್ನು ಮಾತ್ರ ಮಾವ ತಾವಾಗಿ ಬಿಟ್ಟರು. ಅಲ್ಲಿಯ ನಾಯಕಿಗೆ ವಯಸ್ಸಾಗಿತ್ತು. ಮೇಲಿನ ಷಡ್ಜಕ್ಕೆ ಹೋದಾಗ ಕಂಠ ಒಡೆಯುತ್ತಿತ್ತು. ಹಳೆಯ ಶ್ರುತಿಯಲ್ಲೇ ಹಾಡಬೇಕೆಂದು ಮಾಲೀಕರ ಹಟ. ಒಂದು ರಾತ್ರಿ ಮಾವ ಯಾರಿಗೂ ಹೇಳದೆ ಕರಿ ನಾಲ್ಕರಿಂದ ಬಿಳಿ ಐದಕ್ಕೆ, ಅಂದರೆ ಅರ್ಧ ಸ್ವರದಷ್ಟು, ಕೆಳಗಿಳಿದರು. ಬೆರಳುಗಳೆಲ್ಲ ಹೊಸ ಮನೆಗಳನ್ನು ಹುಡುಕಬೇಕು, ಆದರೂ ಹುಡುಕಿದವು. ಆಕೆ ಹಾಡಿದರು, ಜನ ಒನ್ಸ್ ಮೋರ್ ಎಂದರು. ಆಕೆಗೆ ತಿಳಿಯಿತೋ ಇಲ್ಲವೋ, ಪ್ರೇಕ್ಷಕರಿಗಂತೂ ತಿಳಿಯಲಿಲ್ಲ. ಆದರೆ ಮಾಲೀಕರು ತಾವೂ ಹಾಡಿ ಬಂದವರು, ಅವರಿಗೆ ತಿಳಿಯಿತು. “ನಾಳೆಯಿಂದ ಕರಿ ನಾಲ್ಕು” ಎಂದರು. ಮರುದಿನ ಮಾವ ತೋರಣಗಲ್ಲಿಗೆ ಇಳಿದರು. ಅಮ್ಮ ಎಂದಿನಂತೆ ಬೈದರು; ಮಾವ ಕಾರಣ ಹೇಳಲಿಲ್ಲ. ನನಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ, ಅದೂ ಶ್ರುತಿಯ ಪಾಠವೆಂಬಂತೆ.

ಕಂಪನಿಗಳಿಗೆ ಸಿನಿಮಾ ಹಾಡು, ವಿದ್ಯುತ್ ಕೀಬೋರ್ಡು ಬಂದಮೇಲೆ ಯಾರೂ ಕರೆಯಲಿಲ್ಲ. ಕಂಪ್ಲಿಯ ಸುತ್ತಿನ ಭಜನಾ ಮಂಡಳಿಗಳ ಪೆಟ್ಟಿಗೆ ರಿಪೇರಿಗೆ ನಿಂತರು. ಸ್ವರ ಏರಿಸಬೇಕಾದರೆ ಹಿತ್ತಾಳೆಯ ನಾಲಗೆಯ ತುದಿಯನ್ನು ಕೆರೆಯಬೇಕು, ಇಳಿಸಬೇಕಾದರೆ ಬುಡವನ್ನು. ಎರಡನ್ನೂ ಕಿವಿಯೊಂದರಿಂದಲೇ ಮಾಡುತ್ತಿದ್ದರು. ಅವರು ಕೂಡಿಸಿದ ಒಂದು ಪೆಟ್ಟಿಗೆ ಅಲ್ಲಿನ ಒಂದು ಗುಡಿಯಲ್ಲಿ ಈಗಲೂ ಇದೆ. ಒಂದು ಮನೆ ಮಾತ್ರ ನುಡಿಯುವುದಿಲ್ಲ. ಶನಿವಾರದ ಭಜನೆಯವರು ಅದನ್ನು ಬಿಟ್ಟು ನುಡಿಸುತ್ತಾರೆ.