ಲಂಡನ್ನಿನಲ್ಲಿ ಸ್ಟುಡಿಯೋಗಳನ್ನು ಅರಸುತ್ತ

ಲಂಡನ್ನಿಗೆ ಹೋದವರು ನೋಡಿ ಬರಬೇಕಾದ ಸ್ಥಳಗಳ ಪಟ್ಟಿಯೊಂದು ನಮ್ಮವರಲ್ಲಿ ರೂಢಿಯಾಗಿಬಿಟ್ಟಿದೆ. ಬಕಿಂಗ್‌ಹ್ಯಾಮ್ ಅರಮನೆ, ಟವರ್ ಸೇತುವೆ, ಬ್ರಿಟಿಷ್ ಮ್ಯೂಸಿಯಂ, ಮೇಣದ ಬೊಂಬೆಗಳ ಮನೆ - ಇಷ್ಟಾದರೆ ಯಾತ್ರೆ ಸಫಲ. 2015ರ ನವೆಂಬರ್ 14ರಂದು ಕನ್ನಡಿಗರ ಪಾಲಿಗೆ ಈ ಪಟ್ಟಿಗೆ ಇನ್ನೊಂದು ಸ್ಥಳ ಸೇರಿಕೊಂಡಿತು. ಅಂದು ಥೇಮ್ಸ್ ನದಿಯ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಬಸವೇಶ್ವರರ ಪ್ರತಿಮೆಯನ್ನು ಅನಾವರಣ ಮಾಡಿದರು. ನದಿಯಾಚೆ ಪಾರ್ಲಿಮೆಂಟಿನ ಗೋಪುರಗಳು. ಈಚೆ ಕಾಯಕದ ಹಿರಿಮೆಯನ್ನು ಸಾರಿದ ನಮ್ಮ ಅಣ್ಣ. ಅಲ್ಲಿ ಕೈಮುಗಿದು ನಿಂತಾಗ ನನ್ನ ಸೋದರಳಿಯ ಕೇಳಿದ:

"ಇನ್ನೆಲ್ಲಿಗೆ ಮಾವ? ಅರಮನೆಗೆ ಹೋಗೋಣವೆ?"

"ಅರಮನೆ ಎಲ್ಲಿಗೂ ಓಡಿಹೋಗುವುದಿಲ್ಲಪ್ಪ. ಓಡಿಹೋಗುತ್ತಿರುವುದನ್ನು ಮೊದಲು ನೋಡೋಣ. ದೂರದರ್ಶನದ ಸ್ಟುಡಿಯೋಗಳಿಗೆ ಕರೆದುಕೊಂಡು ಹೋಗು" ಎಂದೆ.

ಅವನು ನಕ್ಕ. ಆದರೂ ಹಿರಿಯರ ಮಾತೆಂದು ಹೆಜ್ಜೆ ಹಾಕಿದ.

ನದಿಯ ಜಾಡನ್ನೇ ಹಿಡಿದು ನಡೆದೆವು. ಲ್ಯಾಂಬೆತ್ ಅರಮನೆ, ಸೇಂಟ್ ಥಾಮಸ್ ಆಸ್ಪತ್ರೆ, ದೊಡ್ಡ ತಿರುಗುಚಕ್ರ, ಫೆಸ್ಟಿವಲ್ ಹಾಲ್, ರಾಷ್ಟ್ರೀಯ ರಂಗಮಂದಿರ - ಇವನ್ನೆಲ್ಲ ದಾಟಿದರೆ ಅಪ್ಪರ್ ಗ್ರೌಂಡ್ ಎಂಬ ಬೀದಿ. 24 ಅಂತಸ್ತಿನ ಕಟ್ಟಡವೊಂದನ್ನು ತಲೆಯ ಮೇಲೆ ಹೊತ್ತು ಇಲ್ಲಿ ನಿಂತಿದ್ದದ್ದೇ ಲಂಡನ್ ಸ್ಟುಡಿಯೋಸ್. ಲಂಡನ್ ವೀಕೆಂಡ್ ಟೆಲಿವಿಷನ್ ಸಂಸ್ಥೆ ಇದನ್ನು 1972ರಲ್ಲಿ ತೆರೆಯಿತು. ವಾಟರ್‌ಲೂ ರೈಲು ನಿಲ್ದಾಣ ಇಲ್ಲಿಂದ ಕೂಗಳತೆಯ ದೂರ. ಸೇತುವೆ ದಾಟಿದರೆ ವೆಸ್ಟ್ ಎಂಡಿನ ನಾಟಕಶಾಲೆಗಳು. ಹಗಲು ಇಲ್ಲಿ ಕ್ಯಾಮೆರಾದ ಮುಂದೆ ನಿಂತ ನಟ ಸಂಜೆ ಸೇತುವೆ ದಾಟಿ ಅಲ್ಲಿ ಬಣ್ಣ ಹಚ್ಚಿಕೊಳ್ಳಬಹುದಾಗಿತ್ತು. ಕಚೇರಿ ಮುಗಿಸಿದ ಗುಮಾಸ್ತೆ ಕಾರ್ಯಕ್ರಮವೊಂದಕ್ಕೆ ಪ್ರೇಕ್ಷಕಳಾಗಿ ಬಂದು ಕುಳಿತು, ನಕ್ಕು, ಕೊನೆಯ ರೈಲಿಗೆ ಬಹಳ ಮೊದಲೇ ಮನೆ ಸೇರಬಹುದಾಗಿತ್ತು.

ಈ ಸ್ಟುಡಿಯೋ 2018ರಲ್ಲಿ ಮುಚ್ಚಿತು. ಹಳೆಯದನ್ನು ಕೆಡವಿ ಹೊಸದನ್ನು ಕಟ್ಟಿ ಮತ್ತೆ ಇಲ್ಲಿಗೇ ಮರಳುವುದು ಒಡೆಯರಾದ ಐಟಿವಿ ಸಂಸ್ಥೆಯ ಮೊದಲ ಯೋಚನೆಯಾಗಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಆ ಯೋಚನೆಯನ್ನು ಕೈಬಿಟ್ಟರು. 2019ರಲ್ಲಿ ನಿವೇಶನವನ್ನು ಸುಮಾರು 14.5 ಕೋಟಿ ಪೌಂಡುಗಳಿಗೆ ಮಾರಿದರು. ನದಿಯ ದಡದಲ್ಲಿ, ನಗರದ ನಡುಮಧ್ಯದಲ್ಲಿ ಇರುವ ನೆಲದ ಬೆಲೆ ಅದು. ಆ ನೆಲದ ಮೇಲೆ ಎಷ್ಟು ನಗೆ ಹುಟ್ಟಿತ್ತೆಂಬುದಕ್ಕೆ ಯಾವ ಪತ್ರದಲ್ಲಿಯೂ ಬೆಲೆ ಕಟ್ಟಿಲ್ಲ.

"ಸ್ಟುಡಿಯೋ ಎಂದರೆ ಒಂದು ದೊಡ್ಡ ಉಗ್ರಾಣವಷ್ಟೇ ಅಲ್ಲವೆ ಮಾವ? ಊರ ಹೊರಗೆ ಕಟ್ಟಿದರಾಯಿತು" ಎಂದ ಅಳಿಯ.

ಅನೇಕರು ಹೀಗೆಯೇ ಭಾವಿಸುತ್ತಾರೆ; ಭಾವಿಸುವುದು ಸಹಜವೂ ಹೌದು. ದೀಪ ಆರಿಸಿದ ಸ್ಟುಡಿಯೋ ಕಿಟಕಿಯಿಲ್ಲದ ಒಂದು ಬರಿಯ ಪೆಟ್ಟಿಗೆ. ಆದರೆ ಆ ಪೆಟ್ಟಿಗೆಯನ್ನು ಕಟ್ಟುವ ಕಷ್ಟ ಕಟ್ಟಿದವರಿಗೇ ಗೊತ್ತು. ನಾಲ್ಕಾರು ಕ್ಯಾಮೆರಾಗಳು ಏಕಕಾಲದಲ್ಲಿ ಅಲುಗದೆ ಜಾರುವಂತೆ ನೆಲ ಕನ್ನಡಿಯಷ್ಟು ಸಮತಲವಾಗಿರಬೇಕು. ಹೊರಗಿನ ರೈಲಿನ ಸದ್ದಾಗಲಿ ವಿಮಾನದ ಸದ್ದಾಗಲಿ ಒಳನುಸುಳದಂತೆ ಗೋಡೆಗಳು ದಪ್ಪವಾಗಿರಬೇಕು. ಮೇಲೆ ನೂರಾರು ದೀಪಗಳನ್ನು ಇಳಿಸಿ ಏರಿಸುವ ಲೋಹದ ಚಪ್ಪರ, ಪಕ್ಕದಲ್ಲಿ ನಿರ್ದೇಶಕನೂ ಶಬ್ದತಜ್ಞರೂ ಕುಳಿತುಕೊಳ್ಳುವ ನಿಯಂತ್ರಣ ಕೊಠಡಿಗಳು, ಪ್ರೇಕ್ಷಕರಿಗೆ ಮೆಟ್ಟಿಲು ಮೆಟ್ಟಿಲಾಗಿ ಆಸನಗಳು, ರಂಗಸಜ್ಜಿಕೆಯನ್ನು ಒಳತರಲು ಆನೆಬಾಗಿಲು - ಇವೆಲ್ಲ ಇರಬೇಕು. ಒಂದು ಕಾರ್ಯಕ್ರಮ ಮುಗಿದ ರಾತ್ರಿಯೇ ಸಜ್ಜಿಕೆಯನ್ನು ಬಿಚ್ಚಿ, ನೆಲದ ಬಣ್ಣವನ್ನು ತೊಳೆದು, ಮರುದಿನದ ಕಾರ್ಯಕ್ರಮಕ್ಕೆ ಅಣಿಮಾಡಬೇಕು. ಇಷ್ಟಾದರೂ ಅರ್ಧ ಕೆಲಸ ಮಾತ್ರ ಆದಂತೆ. ಉಳಿದರ್ಧ ಸ್ಥಳದ್ದು. ಕಲಾವಿದರು, ಬಡಗಿಗಳು, ಪ್ರಸಾಧನದವರು, ಎಲ್ಲಕ್ಕಿಂತ ಮಿಗಿಲಾಗಿ ಮುನ್ನೂರು ನಾನ್ನೂರು ಮಂದಿ ಪ್ರೇಕ್ಷಕರು ಬಸ್ಸಿನಲ್ಲೋ ರೈಲಿನಲ್ಲೋ ಬಂದು ಹೋಗಲು ಅನುಕೂಲವಾದ ಕಡೆ ಅದು ಇರಬೇಕು. ಬಾವಿಗೆ ನೀರಿದ್ದರೆ ಸಾಲದು, ದಾರಿಯೂ ಇರಬೇಕು.

ಮೊಟ್ಟಮೊದಲು ಈ ವಿಚಾರ ಯಾರ ಮನಸ್ಸಿಗೂ ಬಂದಿರಲಿಲ್ಲ. ಬಿ.ಬಿ.ಸಿ. 1936ರ ನವೆಂಬರ್ 2ರಂದು ತನ್ನ ದೂರದರ್ಶನ ಪ್ರಸಾರವನ್ನು ಆರಂಭಿಸಿದ್ದು ಉತ್ತರ ಲಂಡನ್ನಿನ ಗುಡ್ಡದ ಮೇಲಿರುವ ಅಲೆಕ್ಸಾಂಡ್ರಾ ಪ್ಯಾಲೇಸಿನಿಂದ. ಪ್ರಸಾರಸ್ತಂಭಕ್ಕೆ ಎತ್ತರ ಬೇಕಾಗಿತ್ತು, ಗುಡ್ಡ ಎತ್ತರವಾಗಿತ್ತು, ಕಾರಣ ಅಷ್ಟೇ. ಪ್ರಸಾರ ಬೆಳೆದಂತೆ ಸ್ಥಳ ಸಾಲದಾಯಿತು. 1949ರಲ್ಲಿ ಬಿ.ಬಿ.ಸಿ. ಎರಡು ಕೆಲಸ ಮಾಡಿತು: ಪಶ್ಚಿಮ ಲಂಡನ್ನಿನ ವೈಟ್ ಸಿಟಿಯಲ್ಲಿ, 1908ರ ಆಂಗ್ಲೋ-ಫ್ರೆಂಚ್ ಪ್ರದರ್ಶನ ನಡೆದ ಬಯಲಿನಲ್ಲಿ, 13 ಎಕರೆ ನೆಲ ಹಿಡಿಯಿತು, ಅಲ್ಲಿ ಕಟ್ಟಡ ಏಳುವ ತನಕ ಇರಲೆಂದು ಸಮೀಪದ ಲೈಮ್ ಗ್ರೋವ್ ಬೀದಿಯ ಹಳೆಯ ಸಿನಿಮಾ ಸ್ಟುಡಿಯೋವನ್ನು ಕೊಂಡಿತು. "ತಾತ್ಕಾಲಿಕ"ವೆಂದು ಕೊಂಡ ಲೈಮ್ ಗ್ರೋವ್ 1991ರ ವರೆಗೆ ದುಡಿಯಿತು! ತಾತ್ಕಾಲಿಕವಾದದ್ದೇ ಬಹುಕಾಲ ಬಾಳುವುದು ಸರ್ಕಾರಿ ಕಚೇರಿಗಳಲ್ಲಿ ಮಾತ್ರವಲ್ಲವೆಂದು ತಿಳಿದು ನನಗೆ ಸಮಾಧಾನವಾಯಿತು.

ಭೂಗತ ರೈಲಿನಲ್ಲಿ ನಾವು ವೈಟ್ ಸಿಟಿ ನಿಲ್ದಾಣಕ್ಕೆ ಬಂದು ಇಳಿದೆವು. ಮೆಟ್ಟಿಲು ಹತ್ತಿ ಬೀದಿಗೆ ಬಂದರೆ ಎದುರಿಗೇ ಟೆಲಿವಿಷನ್ ಸೆಂಟರ್. ಇದರ ಶಿಲ್ಪಿ ಗ್ರಹಾಂ ಡಾಬರ್ನ್. ವಿಚಿತ್ರ ಆಕಾರದ ನಿವೇಶನದಲ್ಲಿ ಇಷ್ಟೆಲ್ಲವನ್ನು ಹೇಗೆ ಅಡಕಮಾಡಲಿ ಎಂದು ತೋಚದೆ, ಆತ ಒಂದು ಲಕೋಟೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಯನ್ನು ಬರೆದನಂತೆ. ಆ ಚಿಹ್ನೆಯೇ ಉತ್ತರವಾಗಿ ಹೊಳೆಯಿತೆಂಬ ಕಥೆ ಪ್ರಸಿದ್ಧವಾಗಿದೆ. ನಡುವೆ ದುಂಡನೆಯ ಅಂಗಳ. ಸುತ್ತ ಬಳೆಯಂತೆ ಸ್ಟುಡಿಯೋಗಳು. ರಂಗಸಜ್ಜಿಕೆ ಹೊರಸುತ್ತಿನ ದಾರಿಯಿಂದ ಒಳಬರುತ್ತದೆ. ಕಲಾವಿದರ ಕೊಠಡಿಗಳು ಒಳಸುತ್ತಿನಲ್ಲಿ. ಒಬ್ಬರ ಕಾಲಿಗೆ ಒಬ್ಬರು ತೊಡರುವ ಹಾಗಿಲ್ಲ. 1960ರ ಜೂನ್ 29ರಂದು ಇದು ತೆರೆಯಿತು. ಅಂಗಳದ ಮಧ್ಯದ ಸ್ತಂಭದ ಮೇಲೆ ಗ್ರೀಕರ ಸೂರ್ಯದೇವತೆ ಹೀಲಿಯಸನ ಹೊಂಬಣ್ಣದ ಪ್ರತಿಮೆ.

ಬಿ.ಬಿ.ಸಿ. ತನ್ನ ಹಲವು ವಿಭಾಗಗಳನ್ನು 2011ರಿಂದ ಉತ್ತರ ಇಂಗ್ಲೆಂಡಿನ ಸ್ಯಾಲ್ಫರ್ಡಿಗೆ ಸಾಗಿಸಿತು. 2012ರಲ್ಲಿ ಈ ಕಟ್ಟಡವನ್ನು 20 ಕೋಟಿ ಪೌಂಡುಗಳಿಗೆ ಮಾರಿತು. 2013ರ ಮಾರ್ಚ್ ಕೊನೆಗೆ ದೀಪ ಆರಿತು. ಎಂಟು ದೊಡ್ಡ ಸ್ಟುಡಿಯೋಗಳ ಪೈಕಿ ಮೂರನ್ನು ಮಾತ್ರ ಉಳಿಸಿಕೊಂಡು, ಉಳಿದ ಜಾಗದಲ್ಲಿ ನೂರಾರು ಮನೆಗಳೂ ಕಚೇರಿಗಳೂ ಹೋಟೆಲೂ ಎದ್ದವು. ಹತ್ತು ಸಾವಿರ ಚದರಡಿಗೂ ಮಿಗಿಲಾದ ಮೊದಲನೆಯ ಸ್ಟುಡಿಯೋ ಉಳಿದುಕೊಂಡದ್ದು ಪುಣ್ಯ. ಆದರೆ ಈ ಮೂರೂ ಮತ್ತೆ ತೆರೆದದ್ದು 2017ರಲ್ಲಿ. ನಡುವಿನ ಆ ನಾಲ್ಕು ವರ್ಷಗಳಲ್ಲಿ ಏನಾಯಿತೆಂಬುದನ್ನು ನೋಡಬೇಕು.

ಥೇಮ್ಸ್ ದಡದಲ್ಲಿಯೇ ಇದ್ದ ಟೆಡ್ಡಿಂಗ್‌ಟನ್ ಸ್ಟುಡಿಯೋ 2014ರಲ್ಲಿ ಮುಚ್ಚಿತು. ಅದನ್ನು ಕೆಡವಿ ವಾಸದ ಮನೆಗಳನ್ನು ಕಟ್ಟಿದರು. ಹ್ಯಾಮರ್‌ಸ್ಮಿತ್‌ನ ರಿವರ್‌ಸೈಡ್ ಸ್ಟುಡಿಯೋಸ್ ಅದೇ ವರ್ಷ ಬಾಗಿಲು ಹಾಕಿತು. ಮನೆಗಳನ್ನೂ ಒಳಗೊಂಡ ಹೊಸ ಕಟ್ಟಡದಲ್ಲಿ ಅದು ಮರಳಿ ತೆರೆದದ್ದು 2019ರಲ್ಲಿ. ವೆಂಬ್ಲಿಯ ಫೌಂಟನ್ ಸ್ಟುಡಿಯೋಸ್ 2016ರ ಕೊನೆಗೆ ನಿಂತುಹೋಯಿತು. ಬಳಿಕ ಅದು ನಾಟಕಶಾಲೆಯಾಯಿತು. ಮುಂದೆ 2018ರಲ್ಲಿ ನಾವು ಬೆಳಗ್ಗೆ ನೋಡಿದ ನದೀತೀರದ ಸ್ಟುಡಿಯೋ. ಹೀಗೆ ಐದಾರು ವರ್ಷಗಳಲ್ಲಿ, ಪ್ರೇಕ್ಷಕರನ್ನು ಕೂರಿಸಿಕೊಂಡು ಕಾರ್ಯಕ್ರಮ ಮಾಡಬಲ್ಲ ಪ್ರಮುಖ ಮಂದಿರಗಳು ಒಂದರ ಹಿಂದೊಂದು ಕೈಬಿಟ್ಟುಹೋದವು. ನದೀತೀರದ ಐಟಿವಿಯ ಮುಂಜಾನೆಯ ಕಾರ್ಯಕ್ರಮಗಳು ಆಶ್ರಯ ಬೇಡಿ ಬಂದದ್ದು ಎಲ್ಲಿಗೆ? ಹಳೆಯ ಎದುರಾಳಿ ಬಿ.ಬಿ.ಸಿ.ಯ ಈ ಹಳೆಯ ಮನೆಗೇ! ನಗಬೇಕೋ ಅಳಬೇಕೋ ತಿಳಿಯದು.

ಬಿ.ಬಿ.ಸಿ.ಯ ಜನಪ್ರಿಯ ನೃತ್ಯಸ್ಪರ್ಧೆ 2013ರಲ್ಲಿ ಇಲ್ಲಿಂದ ಎದ್ದು ನಗರದ ಅಂಚಿನಾಚೆಯ ಎಲ್‌ಸ್ಟ್ರೀಗೆ ಹೋಯಿತು. ಅದು ನಡುನಗರದಿಂದ ಸುಮಾರು ಇಪ್ಪತ್ತು ಕಿಲೋಮೀಟರು. ರೈಲೇನೋ ಇದೆ, ಆದರೆ ರಾತ್ರಿ ತಡವಾಗಿ ಮುಗಿಯುವ ಕಾರ್ಯಕ್ರಮದಿಂದ ಹೊರಬಂದ ವೃದ್ಧ ದಂಪತಿಗಳು ನಿಲ್ದಾಣಕ್ಕೆ ನಡೆದು, ಒಂದು ರೈಲು ಹಿಡಿದು, ಇನ್ನೊಂದಕ್ಕೆ ಬದಲಾಯಿಸಿ ದಕ್ಷಿಣ ಲಂಡನ್ನಿನ ಮನೆ ಸೇರುವ ಶ್ರಮವನ್ನು ಯೋಚಿಸಬೇಕು.

ಹಾಗಾದರೆ ಹೊಸ ಸ್ಟುಡಿಯೋಗಳೇ ಹುಟ್ಟುತ್ತಿಲ್ಲವೆ? ಹುಟ್ಟುತ್ತಿವೆ. ದೊಡ್ಡ ವೆಚ್ಚದ ಧಾರಾವಾಹಿಗಳಿಗೆ ಬ್ರಿಟಿಷ್ ಸರ್ಕಾರ 2013ರಲ್ಲಿ ತೆರಿಗೆಯ ರಿಯಾಯಿತಿ ಕೊಟ್ಟಿತು. ಅಮೆರಿಕದ ಸಂಸ್ಥೆಗಳು ನುಗ್ಗಿ ಬಂದವು. 2019ರಲ್ಲಿ ಶೆಪ್ಪರ್ಟನ್ನಿನಲ್ಲಿ ನೆಟ್‌ಫ್ಲಿಕ್ಸ್, ಪೈನ್‌ವುಡ್ಡಿನಲ್ಲಿ ಡಿಸ್ನಿ ದೀರ್ಘಕಾಲದ ಒಪ್ಪಂದ ಮಾಡಿಕೊಂಡು ನೆಲೆಯೂರಿದವು. ಆದರೆ ಅವು ಸಿನಿಮಾ ರೀತಿಯ ಶಾಲೆಗಳು: ನಾಲ್ಕು ಗೋಡೆ, ಒಂದು ಛಾವಣಿ. ಒಂದು ಧಾರಾವಾಹಿ ಒಳಹೊಕ್ಕರೆ ತಿಂಗಳುಗಟ್ಟಲೆ ಹೊರಬರುವುದಿಲ್ಲ. ಅಲ್ಲಿ ಪ್ರೇಕ್ಷಕರಿಗೆ ಆಸನವಿಲ್ಲ, ಬೇಕಾಗಿಯೂ ಇಲ್ಲ. ವಾರಕ್ಕೊಮ್ಮೆ ಜನರೆದುರು ನಡೆಯುವ ಹಾಸ್ಯಪ್ರಸಂಗಕ್ಕೋ ಸಂಭಾಷಣೆಗೋ ರಸಪ್ರಶ್ನೆಗೋ ಅವು ಒದಗುವುದಿಲ್ಲ. ಊರಲ್ಲಿ ಗೋದಾಮುಗಳು ಹೆಚ್ಚಿದವೆಂದು ಛತ್ರದ ಕೊರತೆ ನೀಗೀತೆ?

ಇನ್ನೊಂದು ಮಾತನ್ನೂ ಹೇಳದಿದ್ದರೆ ಅನ್ಯಾಯವಾದೀತು. ಲಂಡನ್ನಿಗೆ ಮನೆಗಳೂ ಬೇಕು. ಇರಲು ಸೂರಿಲ್ಲದವನಿಗೆ ಸ್ಟುಡಿಯೋದ ಮಾತು ರುಚಿಸದು. ಎಲ್ಲ ಕಾರ್ಯಕ್ರಮಗಳೂ ರಾಜಧಾನಿಯಲ್ಲೇ ಏಕೆ ಆಗಬೇಕು, ಸ್ಯಾಲ್ಫರ್ಡಿಗೂ ಗ್ಲಾಸ್ಗೋಗೂ ಪಾಲು ಬೇಡವೆ ಎಂಬ ವಾದವೂ ನ್ಯಾಯವಾದದ್ದೇ. ಆದರೆ ನದಿಯ ದಡದಲ್ಲಿ ಎದ್ದ ಮನೆಗಳು ಬಡಗಿಯೋ ದೀಪದವನೋ ಕೊಳ್ಳಬಲ್ಲ ಮನೆಗಳಲ್ಲ. ಸ್ಟುಡಿಯೋ ಕೆಡವಿದ ನೆಲದಲ್ಲಿ ಅಲ್ಲಿ ದುಡಿಯುತ್ತಿದ್ದವನಿಗೇ ಜಾಗವಿಲ್ಲ. ಮತ್ತೊಂದು ತೊಡಕು: ಒಮ್ಮೆ ಕೆಡವಿದ ಸ್ಟುಡಿಯೋ ಆ ಬೆಲೆಯ ನೆಲದಲ್ಲಿ ಮತ್ತೆ ಏಳುವುದು ಕನಸಿನ ಮಾತು. ದಿನಬಾಡಿಗೆಯಿಂದ ಬದುಕುವ ಮಂದಿರ ಅಂಥ ನೆಲಕ್ಕೆ ಬೆಲೆ ತೆತ್ತು ಏಗಲಾರದು.

ಅಲ್ಲಿಂದ ಲೈಮ್ ಗ್ರೋವಿಗೆ ಕಾಲುನಡಿಗೆಯ ದಾರಿ. ಬೀದಿ ಬೀದಿಯಾಗಿಯೇ ಇದೆ. ಸ್ಟುಡಿಯೋ ಇದ್ದಲ್ಲಿ ಇಟ್ಟಿಗೆಯ ಅಚ್ಚುಕಟ್ಟಾದ ಮನೆಗಳು. ಮನೆಸಾಲುಗಳಿಗೆ ಗೋಮಾಂಟ್, ಗೇನ್ಸ್‌ಬರೋ ಎಂಬ ಹೆಸರುಗಳು - ಹಿಂದೆ ಇಲ್ಲಿ ಚಿತ್ರ ತಯಾರಿಸಿದ ಕಂಪನಿಗಳ ಹೆಸರುಗಳಿವು. ಕಿಟಕಿಯೊಂದರಲ್ಲಿ ಮಗುವೊಂದು ನಿಂತು ನಮ್ಮತ್ತ ಕೈಬೀಸಿತು. ಈ ಮನೆಗಳ ಬಗ್ಗೆ ನನ್ನಲ್ಲಿ ಮುನಿಸೇನೂ ಹುಟ್ಟಲಿಲ್ಲ. ಆದರೆ ಹೆಸರೊಂದೇ ಉಳಿದು ಕೆಲಸ ಹೋದರೆ ಊರಿಗೆ ಏನು ಉಳಿದಂತಾಯಿತು ಎನ್ನಿಸಿತು.

ಸಂಜೆ ಟೆಲಿವಿಷನ್ ಸೆಂಟರಿನ ಎದುರಿಗೆ ಮರಳಿ ಬಂದಾಗ ಗೋಡೆಯ ಪಕ್ಕದಲ್ಲಿ ಉದ್ದನೆಯ ಸಾಲು. ಯಾವುದೋ ಕಾರ್ಯಕ್ರಮದ ಧ್ವನಿಚಿತ್ರಣಕ್ಕೆ ಪ್ರೇಕ್ಷಕರು. ಟಿಕೆಟ್ಟಿಗೆ ಕಾಸಿಲ್ಲ. ಆದರೆ ಆಸನಗಳಿಗಿಂತ ಹೆಚ್ಚು ಟಿಕೆಟ್ಟುಗಳನ್ನು ಹಂಚುವ ರೂಢಿಯಿರುವುದರಿಂದ ಬೇಗ ಬಂದವರಿಗೇ ಭಾಗ್ಯ. ಕೋಲೂರಿದ ಅಜ್ಜಿ, ಪುಸ್ತಕದ ಚೀಲ ಹೊತ್ತ ವಿದ್ಯಾರ್ಥಿಗಳು, ಸಮವಸ್ತ್ರದಲ್ಲೇ ಬಂದ ದಾದಿ, ನಮ್ಮ ಕಡೆಯವರಂತೆ ಕಂಡ ಒಂದು ಕುಟುಂಬ. ಎಲ್ಲರೂ ಆ ಎದುರಿನ ನಿಲ್ದಾಣದಿಂದಲೋ ಬಸ್ಸಿನಿಂದಲೋ ಇಳಿದು ಬಂದವರು. ಇಂಥ ಜನರ ನಗೆಯನ್ನೇ ದೇಶವೆಲ್ಲ ತಮ್ಮ ತಮ್ಮ ಮನೆಗಳಲ್ಲಿ ಕೇಳುವುದು.

ಅಳಿಯ ಬಹಳ ಹೊತ್ತು ಆ ಸಾಲನ್ನೇ ನೋಡುತ್ತಿದ್ದ. ಆಮೇಲೆ ಮೆಲ್ಲನೆ ಕೇಳಿದ:

"ಮಾವ, ನಾವೂ ನಿಲ್ಲೋಣವೆ? ಯಾರಾದರೂ ಬಾರದಿದ್ದರೆ ಒಳಗೆ ಬಿಟ್ಟಾರು."

"ಅರಮನೆ?" ಎಂದೆ.

"ನಾಳೆ ನೋಡಿದರಾಯಿತು. ಅದೆಲ್ಲಿಗೂ ಓಡಿಹೋಗುವುದಿಲ್ಲವಲ್ಲ!"

ನಾವು ಸಾಲಿನ ಕೊನೆಗೆ ಹೋಗಿ ನಿಂತೆವು.